48 ಜೆ/16: ಮುಳುಗಿದ ಊರುಗಳ ನಕ್ಷೆಯೊಂದರ ರಿಪೇರಿ

ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ನಕ್ಷೆಗಳಿಗೆಂದೇ ಒಂದು ಕಬ್ಬಿಣದ ಬೀರು ಇದೆ. ಡ್ರಾಯರುಗಳು ಅಗಲ, ಆಳ ಮಾತ್ರ ಮೂರು ಬೆರಳು. ಮೇಲಿನವನ್ನು ಭೂಗೋಳ ವಿಭಾಗದವರು ಆಗಾಗ ತೆಗೆಯುತ್ತಿದ್ದರು. ಕೆಳಗಿನದನ್ನು ಯಾರೂ ಮುಟ್ಟುತ್ತಿರಲಿಲ್ಲ. ಒಂದು ಮಳೆಗಾಲ ಗೋಡೆ ಜಿನುಗಿ ನೀರು ಬೀರುವಿನ ಕಾಲಿನ ತನಕ ಬಂತು. ಆಗ ಕೆಳಗಿನ ಡ್ರಾಯರನ್ನು ಎಳೆಯಲೇಬೇಕಾಯಿತು. ಅದು ಅರ್ಧಕ್ಕೇ ಸಿಕ್ಕಿಕೊಂಡಿತು. ನಾನೂ ನಮ್ಮ ಅಟೆಂಡರ್ ಅಣ್ಣನೂ ಸೇರಿ ಅಲ್ಲಾಡಿಸಿ ಅಲ್ಲಾಡಿಸಿ ಹೊರಗೆ ತಂದೆವು.

ಒಳಗೆ ಸರ್ವೆ ಆಫ್ ಇಂಡಿಯಾದ ಹಳೆ ಹಾಳೆಗಳಿದ್ದವು. ಒಂದು ಅಂಗುಲಕ್ಕೆ ಒಂದು ಮೈಲಿ ಲೆಕ್ಕದವು. ಎಲ್ಲಕ್ಕಿಂತ ಮೇಲಿದ್ದದ್ದು, ಎಲ್ಲಕ್ಕಿಂತ ಜಾಸ್ತಿ ಕೆಟ್ಟಿದ್ದದ್ದು, 48 ಜೆ/16.

ಈ ನಂಬರು ಓದುವುದು ಕಷ್ಟವಲ್ಲ. ದೇಶವನ್ನು ನಾಲ್ಕು ಡಿಗ್ರಿ ಉದ್ದ, ನಾಲ್ಕು ಡಿಗ್ರಿ ಅಗಲದ ಚೌಕಗಳಾಗಿ ಹಂಚಿ ಒಂದೊಂದಕ್ಕೆ ಒಂದು ಸಂಖ್ಯೆ ಕೊಟ್ಟಿದ್ದಾರೆ. 48 ಅಂದರೆ ನಮ್ಮ ಕರಾವಳಿ ಮತ್ತು ಮಲೆನಾಡಿನ ಚೌಕ. ಅದನ್ನು ಎ ಇಂದ ಪಿ ತನಕ ಹದಿನಾರು ತುಂಡು ಮಾಡುತ್ತಾರೆ, ಒಂದೊಂದು ತುಂಡನ್ನು ಮತ್ತೆ ಹದಿನಾರು ಮಾಡುತ್ತಾರೆ. ಎಣಿಕೆ ಯಾವಾಗಲೂ ಮೇಲಿಂದ ಕೆಳಕ್ಕೆ, ಆಮೇಲೆ ಪಕ್ಕದ ಸಾಲು. ಹಾಗೆ ಬಂದರೆ ಬೆಂಗಳೂರು 57 ಎಚ್/9, ಮೈಸೂರು 57 ಡಿ/11. 48 ಜೆ/16ರಲ್ಲಿ ಜೋಗ ಇದೆ, ತಾಳಗುಪ್ಪ ಇದೆ, ಈಗ ಲಿಂಗನಮಕ್ಕಿ ಅಣೆಕಟ್ಟು ನಿಂತಿರುವ ಜಾಗ ಇದೆ. ಆದರೆ ನಮ್ಮ ಹಾಳೆಯಲ್ಲಿ ಅಣೆಕಟ್ಟೂ ಇಲ್ಲ, ಹಿನ್ನೀರೂ ಇಲ್ಲ. ಶರಾವತಿ ಬರೀ ಹೊಳೆಯಾಗಿ ಹರಿಯುತ್ತಿದೆ. ಎರಡೂ ದಡದಲ್ಲಿ ಹಳದಿ ಗದ್ದೆ, ಕೆಂಪು ಚುಕ್ಕೆಯ ಮನೆಗಳು, ಮಧ್ಯೆ ಕಡಿದು ಕಡಿದು ಎಳೆದ ಕಾಲುದಾರಿ.

ಅದನ್ನು ನೋಡಿದ ಮೇಲೆ ಡ್ರಾಯರ್ ಮುಚ್ಚಿಡುವ ಮನಸ್ಸು ಬರಲಿಲ್ಲ. ಈ ಹಾಳೆಯಲ್ಲಿರುವ ಊರುಗಳಿಂದ ಎದ್ದು ಬಂದವರು ಇವತ್ತಿಗೂ ನಮ್ಮ ಜಿಲ್ಲೆಯಲ್ಲಿ ಇದ್ದಾರೆ. ಅವರ ಮೊಮ್ಮಕ್ಕಳು ನಮ್ಮ ಕಾಲೇಜುಗಳಲ್ಲೇ ಓದುತ್ತಿದ್ದಾರೆ.

ಇದು ಯಾವ ಕಾಲದ್ದು?

ಇಸವಿ ಅಚ್ಚಾಗುವುದು ಕೆಳಗಿನ ಅಂಚಿನಲ್ಲಿ. ನಮ್ಮ ಹಾಳೆಯ ಆ ಮೂಲೆಯನ್ನು ಗೆದ್ದಲು ತಿಂದಿತ್ತು. ಹಾಗಾಗಿ ನಕ್ಷೆಯನ್ನೇ ಕೇಳಬೇಕಾಯಿತು.

ಬಣ್ಣದಲ್ಲಿ ಅಚ್ಚಾಗಿದೆ: ನೀರು ನೀಲಿ, ರಸ್ತೆ ಮತ್ತು ಮನೆ ಕೆಂಪು, ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಕಾಂಟೂರ್ ಗೆರೆ ಕಂದು, ಕಾಡು ಹಸಿರು, ಸಾಗುವಳಿ ಹಳದಿ. ಹೀಗೆ ಹಲವು ಬಣ್ಣದಲ್ಲಿ ಹೊಸದಾಗಿ ಅಳೆದು ಅಚ್ಚು ಹಾಕಬೇಕು ಅಂತ ಸರ್ವೆ ಸಮಿತಿ ಹೇಳಿದ್ದು 1905ರಲ್ಲಿ. ಅಂದಮೇಲೆ ಇದು ಅದಕ್ಕಿಂತ ಈಚೆಯದು. ಇನ್ನೊಂದು ಕಡೆಯಿಂದ ನೋಡಿದರೆ ತಾಳಗುಪ್ಪಕ್ಕೆ ರೈಲು ಗೆರೆ ಇಲ್ಲ. ರೈಲು ಅಲ್ಲಿಗೆ ಬಂದದ್ದು 1940ರಲ್ಲಿ. ಜಲಪಾತದ ಹತ್ತಿರ ಬರೆದಿರುವುದು ಜೋಗ ಅಂತಲ್ಲ, ಇಂಗ್ಲಿಷಿನಲ್ಲಿ ‘ಗೇರುಸೊಪ್ಪೆ ಫಾಲ್ಸ್’. ಮೈಸೂರು ಸಂಸ್ಥಾನಕ್ಕೂ ಬೊಂಬಾಯಿ ಪ್ರಾಂತ್ಯದ ಉತ್ತರ ಕನ್ನಡಕ್ಕೂ ನಡುವಿನ ಗಡಿ ಗೆರೆ ಅಲ್ಲೇ ಹಾದುಹೋಗಿದೆ. ಕಾರ್ಡಿನಲ್ಲಿ ‘1905ರ ನಂತರ, 1940ಕ್ಕೆ ಮುಂಚೆ ಅಳೆದದ್ದು’ ಅಂತ ಬರೆದುಕೊಂಡೆ. ಇದಕ್ಕಿಂತ ಹೆಚ್ಚು ಹೇಳಲು ಹಾಳೆಯೇ ಬಿಡಲಿಲ್ಲ.

ಮುಟ್ಟುವ ಮುಂಚೆ

ಹಾಳೆಯ ಸ್ಥಿತಿ ಹೀಗಿತ್ತು. ಬೆನ್ನಿಗೆ ತೆಳು ಬಟ್ಟೆ ಅಂಟಿಸಿ ಎಂಟು ಮಡಿಕೆ ಮಾಡಿದ್ದಾರೆ. ಕಾಡಿಗೆ, ಊರಿಗೆ ಒಯ್ಯುವವರು ಹಾಗೆ ಮಾಡಿಸಿಕೊಳ್ಳುತ್ತಿದ್ದರು. ಎರಡು ಮಡಿಕೆಯಲ್ಲಿ ಕಾಗದ ಪೂರ್ತಿ ಸೀಳಿದೆ, ಬಟ್ಟೆ ಹಿಡಿದುಕೊಂಡಿದೆ. ಯಾರೋ ಸೀಳಿನ ಮೇಲೆ ಸೆಲೊಟೇಪ್ ಹಾಕಿದ್ದಾರೆ. ಅದು ಒಣಗಿ ಬೆಲ್ಲದ ಬಣ್ಣಕ್ಕೆ ತಿರುಗಿದೆ. ಎಡ ಅಂಚಿನಲ್ಲಿ ಬೂಷ್ಟು. ಬಲ ಮೂಲೆ ಗೆದ್ದಲಿನ ಪಾಲು. ನಡುವೆ ಅಲ್ಲಲ್ಲಿ ನೇರಳೆ ಪೆನ್ಸಿಲಿನಲ್ಲಿ ಯಾರೋ ಹಾಕಿಕೊಂಡ ಗುರುತುಗಳು, ಒಂದು ಹಳೆ ರಬ್ಬರ್ ಸ್ಟಾಂಪು.

ಬೂಷ್ಟು ಹಿಡಿದದ್ದನ್ನು ಬೇರೆ ಹಾಳೆಗಳ ಜೊತೆ ಇಡಬಾರದು. ಎರಡು ಒತ್ತು ಕಾಗದದ (ಬ್ಲಾಟಿಂಗ್ ಪೇಪರ್) ನಡುವೆ ಇಟ್ಟು, ಗಾಳಿಯಾಡುವ ಕೋಣೆಯಲ್ಲಿ ಫ್ಯಾನು ನೇರವಾಗಿ ತಾಗದ ಹಾಗೆ ಐದು ದಿನ ಒಣಗಲು ಬಿಟ್ಟೆ. ಬೂಷ್ಟು ಒಣಗಿ ಪುಡಿಯಾದ ಮೇಲೆ ಮಾತ್ರ ಬ್ರಷ್ಷು. ಹಸಿ ಇರುವಾಗ ಉಜ್ಜಿದರೆ ಕಾಗದದ ಒಳಕ್ಕೇ ಇಳಿಯುತ್ತದೆ. ಮುಖಕ್ಕೆ ಎನ್95 ಮಾಸ್ಕ್, ಕೈಗೆ ಗ್ಲೌಸ್, ಮೇಕೆ ಕೂದಲಿನ ಮೆತ್ತನೆ ಬ್ರಷ್. ಒಳಗಿಂದ ಹೊರಗೆ, ಯಾವಾಗಲೂ ಅಂಚಿನ ಕಡೆಗೆ. ಆಮೇಲೆ ರಬ್ಬರ್ ಸ್ಪಂಜಿನಲ್ಲಿ ಒತ್ತಿ ಒತ್ತಿ ಧೂಳು ತೆಗೆದೆ. ಒಂದು ಸ್ಪಂಜು ಎರಡೂ ಬದಿ ಕಪ್ಪಾಗುವಷ್ಟು ಧೂಳು ಬಂತು.

ನಂತರ ಬಣ್ಣದ ಪರೀಕ್ಷೆ. ಇದನ್ನು ಬಿಟ್ಟು ಮುಂದೆ ಹೋಗಲೇಬಾರದು. ಒಂದೊಂದು ಬಣ್ಣದ ಮೇಲೂ ಸಾಸಿವೆ ಕಾಳಿನಷ್ಟು ನೀರು ಇಟ್ಟು, ಎಣಿಸಿ ಮೂವತ್ತು ಸೆಕೆಂಡು ಬಿಟ್ಟು, ಒತ್ತು ಕಾಗದದ ಮೂಲೆಯಿಂದ ಹೀರಿಸಿದೆ. ನೀಲಿ ಬಿಡಲಿಲ್ಲ. ಕಂದು, ಕೆಂಪು, ಹಸಿರು, ಹಳದಿ ಯಾವುದೂ ಬಿಡಲಿಲ್ಲ. ಅಚ್ಚಿನ ಶಾಯಿ ಗಟ್ಟಿ. ಆದರೆ ನೇರಳೆ ಪೆನ್ಸಿಲ್? ನೀರು ತಾಗಿದ್ದೇ ತಡ, ಬದನೆಕಾಯಿ ಬಣ್ಣ ಹರಿಯಿತು. ಆ ಕಾಲದ ಕಾಪಿಯಿಂಗ್ ಪೆನ್ಸಿಲಿನಲ್ಲಿ ಬಣ್ಣದ ಪುಡಿ ಇರುತ್ತದೆ, ನೀರು ಕಂಡರೆ ಶಾಯಿಯಾಗುತ್ತದೆ. ಸ್ಟಾಂಪಿನದೂ ಅದೇ ಕತೆ.

ಹಾಳೆಯನ್ನು ನೀರಿಗೆ ಇಳಿಸಿ ತೊಳೆದು, ಬಟ್ಟೆ ಬಿಡಿಸಿ, ಹೊಸ ಬೆನ್ನು ಕೊಡುವ ಯೋಚನೆ ನನ್ನದಾಗಿತ್ತು. ಅದನ್ನು ಅಲ್ಲೇ ಕೈಬಿಟ್ಟೆ. ಆ ನೇರಳೆ ಗುರುತುಗಳನ್ನು ಯಾರು ಹಾಕಿದರೋ, ಹೊಳೆಯ ಎರಡೂ ದಡದಲ್ಲಿ, ಊರೂರಿನ ಪಕ್ಕ ಹಾಕಿದ್ದಾರೆ. ಅಚ್ಚಿನ ಪ್ರತಿ ಇನ್ನೊಂದು ಎಲ್ಲಾದರೂ ಸಿಕ್ಕೀತು. ಆ ಕೈಬರಹ ಇನ್ನೊಂದು ಸಿಗುವುದಿಲ್ಲ. ಹಾಗಾಗಿ ಬಟ್ಟೆ ಇದ್ದ ಹಾಗೇ ಇರಲಿ, ಸೀಳು ಮಾತ್ರ ಕೂಡಿಸೋಣ ಅಂತ ತೀರ್ಮಾನ ಮಾಡಿದೆ.

ಟೇಪು

ಟೇಪಿನ ಪ್ಲಾಸ್ಟಿಕ್ ಸುಲಭವಾಗಿ ಬಂತು. ಹೇರ್ ಡ್ರೈಯರಿನ ಕಡಿಮೆ ಬಿಸಿಯಲ್ಲಿ ಹಿಡಿದು, ತೆಳು ಸ್ಪ್ಯಾಚುಲಾ ತೂರಿಸಿ ಮಲಗಿಸಿದ ಹಾಗೆ ಎಳೆದರೆ ಸಾಕು. ಕೆಳಗೆ ಉಳಿದ ಅಂಟು ಮಾತ್ರ ಹಟ ಮಾಡಿತು. ಕ್ರೇಪ್ ರಬ್ಬರಿನಿಂದ ಉಂಡೆ ಉಂಡೆಯಾಗಿ ಎತ್ತಬೇಕು. ಒಂದು ಅಂಗುಲಕ್ಕೆ ಅರ್ಧ ಗಂಟೆ ಹಿಡಿಯಿತು. ಎರಡು ಸೀಳು ಸೇರಿ ಮೂರು ಮಧ್ಯಾಹ್ನ. ಕಲೆ ಪೂರ್ತಿ ಹೋಗಿಲ್ಲ. ಹೊಳೆಯ ಮೇಲೆ ತಿಳಿ ಕಂದು ಪಟ್ಟಿ ಈಗಲೂ ಕಾಣುತ್ತದೆ. ದ್ರಾವಕ ಹಾಕಿ ಇನ್ನೂ ತೆಗೆಯಬಹುದಿತ್ತು, ಆದರೆ ಪಕ್ಕದಲ್ಲೇ ನೇರಳೆ ಗುರುತು. ಅಲ್ಲಿಗೇ ನಿಲ್ಲಿಸಿದೆ.

ಹಳೆ ಕಾಗದ ಇಟ್ಟುಕೊಂಡಿರುವ ಎಲ್ಲರಿಗೂ ಒಂದು ಮಾತು: ಮನೆಯ ಪತ್ರ, ಜಾತಕ, ಪಟ್ಟೆ, ಏನೇ ಇರಲಿ, ಸೆಲೊಟೇಪ್ ಹಾಕಬೇಡಿ. ಲ್ಯಾಮಿನೇಷನ್ನಂತೂ ಬೇಡವೇ ಬೇಡ. ಇದೇ ಡ್ರಾಯರಿನಲ್ಲಿ ಹಿಂದೆ ಯಾರೋ ಒಳ್ಳೆಯದಾಗಲಿ ಅಂತಲೇ ಲ್ಯಾಮಿನೇಟ್ ಮಾಡಿಸಿದ ನಾಲ್ಕು ಹಾಳೆಗಳಿವೆ. ಬಿಸಿಗೆ ಕರಗಿದ ಪ್ಲಾಸ್ಟಿಕ್ಕು ಕಾಗದದ ಎಳೆಯೊಳಗೆ ಇಳಿದಿದೆ. ಅವನ್ನು ಈಗ ಬಿಡಿಸಲು ನನ್ನ ಕೈಲಿ ಆಗುವುದಿಲ್ಲ.

ಅಂಟು

ಅಂಟಿಗೆ ಬೇಕಾದದ್ದು ಗೋಧಿಯ ಪಿಷ್ಟ. ಗೋಧಿ ಹಲ್ವ ಮಾಡುವ ಮನೆಗಳಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಹಲ್ವಕ್ಕೆ ತೆಗೆಯುವ ಗೋಧಿ ಹಾಲು ಇದೆಯಲ್ಲ, ಅದು ತಳ ಊರಿದಾಗ ಸಿಗುವ ಬಿಳಿ ಮುದ್ದೆಯೇ ಇದು. ಜಿಗುಟು ಅಂಶ (ಗ್ಲುಟೆನ್) ಹೋಗಿರಬೇಕು, ಅದು ಉಳಿದರೆ ಅಂಟು ಮುಂದೆ ಹಳದಿಯಾಗುತ್ತದೆ, ಹುಳವನ್ನೂ ಕರೆಯುತ್ತದೆ. ಗ್ರಂಥಾಲಯಕ್ಕೆ ಶುದ್ಧ ಮಾಡಿದ ಪುಡಿ ತರಿಸಿದ್ದೆವು. ಒಂದು ಪಾಲು ಪುಡಿ, ಐದು ಪಾಲು ಡಿಸ್ಟಿಲ್ಡ್ ನೀರು. ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ನಲವತ್ತು ನಿಮಿಷ ಗೊಟಾಯಿಸಿದೆ. ಹಾಲಿನ ಬಿಳುಪು ಹೋಗಿ ಗಾಜಿನ ಹಾಗೆ ಆಗಬೇಕು. ಆರಿದ ಮೇಲೆ ಜರಡಿಯಲ್ಲಿ ಮೂರು ಸಲ ತಿಕ್ಕಿ ತೆಗೆದೆ.

ಇಲ್ಲಿ ಅಟೆಂಡರ್ ಅಣ್ಣ ಒಂದು ಪ್ರಶ್ನೆ ಕೇಳಿದರು. ಮೊದಲು ಬೈಂಡಿಂಗ್ ಕೆಲಸ ಮಾಡಿದವರು ಅವರು.

“ಮೇಡಂ, ಮೈಲುತುತ್ತ ಹಾಕಲ್ವಾ? ಹುಳ ಬರತ್ತೆ.”

ಹಳೆ ಬೈಂಡಿಂಗ್ ಅಂಟಿಗೆ ಒಂದು ಚಿಟಿಕೆ ಮೈಲುತುತ್ತ ಹಾಕುವುದು ನಮ್ಮಲ್ಲಿ ಮಾಮೂಲಿ. ಅಡಿಕೆ ತೋಟದವರು ಕೊಳೆರೋಗಕ್ಕೆ ಸುಣ್ಣದ ಜೊತೆ ಕಲಸಿ ಹೊಡೆಯುತ್ತಾರಲ್ಲ, ಅದೇ. ಹುಳ ಬರುವುದಿಲ್ಲ, ನಿಜ. ಆದರೆ ಅದರಲ್ಲಿರುವ ತಾಮ್ರ ವರ್ಷಗಳು ಕಳೆದ ಹಾಗೆ ಕಾಗದವನ್ನೇ ಕಂದು ಮಾಡಿ ಪುಡಿಗಟ್ಟುತ್ತದೆ. ಪುಸ್ತಕದ ರಟ್ಟಿಗೆ ತಡೆದೀತು, ಇಂಥ ತೆಳು ಹಾಳೆಗೆ ತಡೆಯುವುದಿಲ್ಲ. ಹಾಳೆ ಒಣಗಿರಬೇಕು, ಗಾಳಿಯಾಡಬೇಕು, ಆರು ತಿಂಗಳಿಗೊಮ್ಮೆ ತೆಗೆದು ನೋಡಬೇಕು. ಹುಳಕ್ಕೆ ಅದೇ ಮದ್ದು ಅಂದೆ. ಅಣ್ಣ ತಲೆಯಾಡಿಸಿ, “ಹಾಗಾದ್ರೆ ನೋಡೋ ಕೆಲಸ ನಂಗೆ ಬಿಡಿ” ಅಂದರು. ಈಗ ಡ್ರಾಯರಿನ ಒಳಗೆ ಅವರದೇ ಕೈಬರಹದ ತಾರೀಖಿನ ಚೀಟಿ ಇದೆ.

ಸೀಳು ಕೂಡಿಸಲು ಜಪಾನಿನ ಕೋಜೊ ಕಾಗದ. ಅದನ್ನು ಕತ್ತರಿಯಲ್ಲಿ ಕತ್ತರಿಸುವುದಿಲ್ಲ. ಒದ್ದೆ ಬ್ರಷ್ಷಿನಲ್ಲಿ ಗೆರೆ ಎಳೆದು, ಎರಡೂ ಕೈಯಿಂದ ನಿಧಾನ ಎಳೆದರೆ ಅಂಚಿನಲ್ಲಿ ನಾರು ರೆಪ್ಪೆಯ ಹಾಗೆ ಹರಡಿಕೊಂಡು ಬರುತ್ತದೆ. ಆ ನಾರೇ ಹಳೆ ಕಾಗದಕ್ಕೆ ಹಿಡಿದುಕೊಳ್ಳುವುದು. ಚೂಪು ಅಂಚು ಬಿಟ್ಟರೆ ಮುಂದೆ ಅಲ್ಲೇ ಮಡಚಿ ಮತ್ತೆ ಸೀಳುತ್ತದೆ.

ಮೊದಲ ಪಟ್ಟಿ ಕೆಟ್ಟಿತು. ಅಂಟು ಗಟ್ಟಿಯಾಗಿತ್ತು, ನಾನು ಜಾಸ್ತಿಯೂ ಹಚ್ಚಿದ್ದೆ. ಮಾರನೆ ದಿನ ತೂಕ ಎತ್ತಿ ನೋಡಿದರೆ ಸೀಳಿನ ಉದ್ದಕ್ಕೂ ಹಪ್ಪಳದ ಹಾಗೆ ಸುಕ್ಕು. ಹಳೆ ಕಾಗದ ಒಂದು ದಿಕ್ಕಿಗೆ ಹಿಗ್ಗಿದೆ, ಹೊಸ ಪಟ್ಟಿ ಇನ್ನೊಂದು ದಿಕ್ಕಿಗೆ ಎಳೆದಿದೆ. ಕಾಗದಕ್ಕೂ ಮರದ ಹಾಗೆ ಎಳೆಯ ದಿಕ್ಕು ಇರುತ್ತದೆ, ಅದನ್ನು ನಾನು ನೋಡಿರಲಿಲ್ಲ. ಪಟ್ಟಿಯನ್ನು ಒದ್ದೆ ಹತ್ತಿಯಿಂದ ಮೆತ್ತಗೆ ಮಾಡಿ ತೆಗೆದೆ. ಪಿಷ್ಟದ ಅಂಟಿನ ದೊಡ್ಡ ಗುಣವೇ ಅದು, ಹಾಕಿದ್ದನ್ನು ತೆಗೆಯಬಹುದು. ಎರಡನೇ ಸಲ ಅಂಟನ್ನು ಮಜ್ಜಿಗೆಯಷ್ಟು ತೆಳ್ಳಗೆ ಮಾಡಿ, ಪಟ್ಟಿಗೆ ಹಚ್ಚಿ, ಒತ್ತು ಕಾಗದದ ಮೇಲೆ ಒಂದು ನಿಮಿಷ ಇಟ್ಟು ನೀರು ಹೀರಿಸಿ, ಆಮೇಲೆ ಕೂರಿಸಿದೆ. ಎಳೆಯ ದಿಕ್ಕು ಹೊಂದಿಸಿದೆ. ಅದು ಸರಿಯಾಗಿ ಕೂತಿತು.

ಸೀಳಿನಲ್ಲಿ ಕಾಂಟೂರ್ ಗೆರೆಗಳ ತುದಿಗೆ ತುದಿ ಕೂಡಿಸುವುದು ಬೇರೆಯೇ ಕೆಲಸ. ಕಣ್ಣಿಗೆ ಹತ್ತಿರದ ಕನ್ನಡಕ, ಕೈಯಲ್ಲಿ ಚಿಮುಟ. ಒಂದು ಕಂದು ಗೆರೆ ಪಕ್ಕದ ಗೆರೆಗೆ ಅಂಟಿದರೆ ಗುಡ್ಡ ಐವತ್ತು ಅಡಿ ಜಾರಿದ ಹಾಗೆ. ಇಲ್ಲಿ ಗೆರೆಗೂ ಗೆರೆಗೂ ಐವತ್ತು ಅಡಿ ಎತ್ತರದ ವ್ಯತ್ಯಾಸ, ಪ್ರತಿ ಐದನೆಯದು ದಪ್ಪ. ದಪ್ಪ ಗೆರೆಯಿಂದ ಎಣಿಸುತ್ತಾ ಬಂದೆ. ಈ ಎಣಿಕೆ ಮುಂದೆ ಉಪಯೋಗಕ್ಕೆ ಬರುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಗೆದ್ದಲು ತಿಂದ ಮೂಲೆಗೆ ಅದೇ ದಪ್ಪದ ಕಾಗದ ತುಂಬಿ, ತಿಳಿ ಬಣ್ಣ ಹಚ್ಚಿದೆ. ಅಲ್ಲಿ ಗೆರೆಗಳನ್ನು ಹೊಸದಾಗಿ ಬರೆಯಲಿಲ್ಲ. ಹೋದದ್ದು ಹೋದ ಹಾಗೇ ಕಾಣಬೇಕು.

ಕೊನೆಗೆ ಆವಿ ಬಿಡುವ ಆದರೆ ನೀರು ಬಿಡದ ಗೋರ್‌ಟೆಕ್ಸ್ ಬಟ್ಟೆಯ ಮೂಲಕ ಬರೀ ತೇವದ ಆವಿ ಕೊಟ್ಟು, ಒಣ ಒತ್ತು ಕಾಗದದ ನಡುವೆ ಗಾಜು ಹೇರಿ ಹತ್ತು ದಿನ ಇಟ್ಟೆ. ನೇರಳೆ ಗುರುತಿನ ಕಡೆ ಆವಿ ತಾಗದ ಹಾಗೆ ಪ್ಲಾಸ್ಟಿಕ್ ಹಾಳೆ ಅಡ್ಡ ಇಟ್ಟಿದ್ದೆ. ಮೊದಲ ಮೂರು ದಿನ ಬೆಳಗ್ಗೆ ಸಂಜೆ ಕಾಗದ ಬದಲಿಸಬೇಕು. ಆಮೇಲೆ 100 ಮೈಕ್ರಾನಿನ ಎರಡು ಪಾಲಿಯೆಸ್ಟರ್ ಹಾಳೆಗಳ ನಡುವೆ ಇಟ್ಟು, ಅಂಚಿಗೆ ಮಾತ್ರ ಎರಡು ಬದಿಯ ಟೇಪು ಹಾಕಿ, ಮೂಲೆಗಳಲ್ಲಿ ಗಾಳಿಗೆ ಜಾಗ ಬಿಟ್ಟೆ. ಟೇಪು ಕಾಗದಕ್ಕೆ ಎಲ್ಲೂ ತಾಗಿಲ್ಲ. ಅಂಚು ಕತ್ತರಿಸಿದರೆ ಹಾಳೆ ಹಾಗೇ ಹೊರಗೆ ಬರುತ್ತದೆ.

ಫೋಟೋ

ತಳ್ಳಿದರೆ ಒಳಗೆ ಹೋಗಿ ಹೊರಗೆ ಬರುವ ದೊಡ್ಡ ಸ್ಕ್ಯಾನರಿಗೆ ಇಂಥ ಹಾಳೆ ಕೊಡಬಾರದು. ರೋಲರಿನಲ್ಲಿ ಮಡಿಕೆ ಸಿಕ್ಕಿದರೆ ಮುಗಿಯಿತು. ಹಾಗಾಗಿ ಪ್ಲಾಸ್ಟಿಕ್ಕಿಗೆ ಹಾಕುವ ಮುಂಚೆಯೇ ಮೇಜಿನ ಮೇಲೆ ಮಲಗಿಸಿ, ಮೇಲಿಂದ ಕ್ಯಾಮೆರಾ ಕಟ್ಟಿ, ಎರಡು ಬದಿಯಿಂದ 45 ಡಿಗ್ರಿಯಲ್ಲಿ ದೀಪ ಇಟ್ಟು ತುಂಡು ತುಂಡಾಗಿ ಫೋಟೋ ತೆಗೆದೆವು. ಪಕ್ಕದಲ್ಲಿ ಬಣ್ಣದ ಪಟ್ಟಿ ಮತ್ತು ಸ್ಕೇಲು. ತುಂಡುಗಳನ್ನು ಕೂಡಿಸಿದಾಗ ಅಂಗುಲಕ್ಕೆ 400 ಚುಕ್ಕೆ ಬಂತು. ಅಂಚು ಸೇರಿ 60 × 50 ಸೆಂ.ಮೀ. ಹಾಳೆ, ಟಿಫ್ ಫೈಲು ಸುಮಾರು 220 ಎಂಬಿ.

ಅಳತೆ ಸರಿ ಇದೆಯಾ ಅಂತ ನೋಡಲು ಒಂದು ಸುಲಭ ಲೆಕ್ಕ ಇದೆ. ಈ ಹಾಳೆಯ ಎತ್ತರ ಅಕ್ಷಾಂಶದ ಹದಿನೈದು ಮಿನಿಟು. ಅಂದರೆ ನೆಲದ ಮೇಲೆ 27.66 ಕಿ.ಮೀ. ಒಂದು ಮೈಲಿಗೆ 63,360 ಅಂಗುಲ, ಅದರಿಂದ ಭಾಗಿಸಿದರೆ ಸುಮಾರು 43.65 ಸೆಂ.ಮೀ. ಬರಬೇಕು. ಅಡ್ಡಕ್ಕೆ ಕೆಳಗಿನ ಗೆರೆ 42.6 ಸೆಂ.ಮೀ., ಮೇಲಿನದು ಅದಕ್ಕಿಂತ ಅರ್ಧ ಮಿಲಿಮೀಟರ್ ಕಮ್ಮಿ. ಯಾಕೆಂದರೆ ಉತ್ತರಕ್ಕೆ ಹೋದ ಹಾಗೆ ರೇಖಾಂಶಗಳು ಹತ್ತಿರವಾಗುತ್ತವೆ. ಭೂಮಿ ದುಂಡಗಿರುವುದು ಮೇಜಿನ ಮೇಲಿನ ಒಂದು ಕಾಗದದಲ್ಲಿ ಅರ್ಧ ಮಿಲಿಮೀಟರಾಗಿ ಕಾಣುತ್ತದೆ! ನಮ್ಮ ಹಾಳೆಯಲ್ಲಿ ಎತ್ತರ 43.3 ಇತ್ತು. ಎಷ್ಟೋ ಮಳೆಗಾಲ, ಬೇಸಿಗೆ ಕಂಡ ಕಾಗದ. ಮೂರೂವರೆ ಮಿಲಿಮೀಟರ್ ಕುಗ್ಗಿದೆ.

ನೆಲಕ್ಕೆ ಕೂರಿಸುವುದು

ಚಿತ್ರ ಇದ್ದರೆ ಸಾಕಾಗುವುದಿಲ್ಲ. ಇವತ್ತಿನ ನಕ್ಷೆಯ ಮೇಲೆ ಅದು ಸರಿಯಾಗಿ ಕೂರಬೇಕು. ಆಗ ಮೊಬೈಲ್ ಹಿಡಿದು ನಿಂತವರಿಗೆ ತಾವು ಹಳೆ ನಕ್ಷೆಯಲ್ಲಿ ಎಲ್ಲಿದ್ದೇವೆ ಅಂತ ಗೊತ್ತಾಗುತ್ತದೆ. ಇದಕ್ಕೆ ಕ್ಯೂಜಿಐಎಸ್ ತಂತ್ರಾಂಶ ಬಳಸಿದೆವು, ಅದು ಉಚಿತ. ಹಾಳೆಯಲ್ಲಿ ಐದು ಮಿನಿಟಿಗೊಂದು ಅಕ್ಷಾಂಶ, ರೇಖಾಂಶದ ಗೆರೆ ಇದೆ. ಅವು ಕೂಡುವ ಜಾಗ ಹದಿನಾರು. ಒಂದನ್ನು ಗೆದ್ದಲು ತಿಂದಿದೆ. ಉಳಿದ ಹದಿನೈದನ್ನು ಗುರುತು ಮಾಡಿದೆವು.

ಮೊದಲ ಸಲ ಕೂರಿಸಿದಾಗ ಎಲ್ಲವೂ ಆಗ್ನೇಯಕ್ಕೆ ಜಾರಿತ್ತು. ಜೋಗದ ಬಂಡೆಯ ಅಂಚು, ಹಳೆ ಕೆರೆಗಳ ಏರಿ, ಎಲ್ಲ ಒಂದೇ ದಿಕ್ಕಿಗೆ, ನೂರೈವತ್ತು ಮೀಟರಿಗೂ ಜಾಸ್ತಿ. ಒಂದೇ ದಿಕ್ಕಿಗೆ ಒಂದೇ ಅಳತೆ ಜಾರಿದ್ದರೆ ತಪ್ಪು ನಕ್ಷೆಯದಲ್ಲ, ಕೂರಿಸಿದವರದು. ನಾವು ಇವತ್ತಿನ ಜಿಪಿಎಸ್ ಬಳಸುವ ಭೂಮಿಯ ಆಕಾರವನ್ನೇ ಆಯ್ಕೆ ಮಾಡಿದ್ದೆವು. ಹಳೆ ಸರ್ವೆಯವರು ಅಳೆದದ್ದು ಬೇರೆ ಆಕಾರದ ಮೇಲೆ. 1802ರಲ್ಲಿ ಲ್ಯಾಂಬ್ಟನ್ ಮದ್ರಾಸಿನಲ್ಲಿ ಸರಪಳಿ ಹಿಡಿದು ಶುರು ಮಾಡಿದ ತ್ರಿಕೋನಗಳ ಜಾಲ ಇದೆಯಲ್ಲ, ಬೆಂಗಳೂರಿನ ಹತ್ತಿರವೂ 1804ರಲ್ಲಿ ತ್ರಿಕೋನಗಳಿಗೆ ಆಧಾರವಾಗಿ ಒಂದು ತಳಗೆರೆ ಅಳೆದದ್ದು, ಅದರಿಂದ ಸರ್ವೆಯ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ಒಂದು ಅಳತೆ ಲೆಕ್ಕ ಹಾಕಿದರು. ಮಧ್ಯಪ್ರದೇಶದ ಕಲ್ಯಾಣಪುರದ ಒಂದು ಗುರುತನ್ನು ಮೂಲವಾಗಿಟ್ಟರು. ತಂತ್ರಾಂಶದಲ್ಲಿ ಆ ಕಲ್ಯಾಣಪುರದ ಲೆಕ್ಕ ಆಯ್ಕೆ ಮಾಡಿದ ಕೂಡಲೇ ಇಡೀ ಹಾಳೆ ಸರಿದು ಜಾಗಕ್ಕೆ ಬಂತು. ಪಕ್ಕದಲ್ಲಿ ಕೂತಿದ್ದ ಪಿಎಚ್‌ಡಿ ಹುಡುಗಿ “ಕೂತ್ಕೊಂಡ್ತು!” ಅಂತ ಕೂಗಿಬಿಟ್ಟಳು.

ಇದಕ್ಕಿಂತ ಹಳೆಯ, ನಾಲ್ಕು ಮೈಲಿಗೆ ಒಂದು ಅಂಗುಲದ ಅಟ್ಲಾಸ್ ಹಾಳೆಗಳನ್ನು ಕೂರಿಸುವವರು ಇನ್ನೊಂದು ಜಾಗರೂಕತೆ ಇಟ್ಟುಕೊಳ್ಳಬೇಕು. ಅವುಗಳ ರೇಖಾಂಶ ಮದ್ರಾಸ್ ವೀಕ್ಷಣಾಲಯದ ಹಳೆ ಲೆಕ್ಕದ್ದು, ಸುಮಾರು ಎರಡೂವರೆ ಮಿನಿಟು ಜಾಸ್ತಿ. ನೆಲದ ಮೇಲೆ ಅದು ನಾಲ್ಕೂವರೆ ಕಿಲೋಮೀಟರ್. ಅಂಚಿನ ಟಿಪ್ಪಣಿ ಓದದೆ ಕೂರಿಸಿದರೆ ಒಂದು ಊರು ಇನ್ನೊಂದು ಊರಿನ ಮೇಲೆ ಹೋಗಿ ಕೂರುತ್ತದೆ.

ಸರಿಹೋದ ಮೇಲೂ ಮೂವತ್ತು ಮೀಟರಿನಷ್ಟು ಹೆಚ್ಚುಕಮ್ಮಿ ಉಳಿಯಿತು. ಈ ಅಳತೆಯ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ಅಂದರೇ ಮೂವತ್ತೆರಡು ಮೀಟರ್. ಅದಕ್ಕಿಂತ ಚೆನ್ನಾಗಿ ಬರುವುದಿಲ್ಲ. ಇದನ್ನು ನಕ್ಷೆ ಹಾಕಿದ ನಮ್ಮ ಜಾಲಪುಟದ ತಲೆಯಲ್ಲೇ ದಪ್ಪ ಅಕ್ಷರದಲ್ಲಿ ಹಾಕಿದ್ದೇವೆ. ಯಾಕೆಂದರೆ ಜಮೀನಿನ ಗಡಿ ತಕರಾರು ಇಟ್ಟುಕೊಂಡವರು ಬರುತ್ತಾರೆ, ಅವರಿಗೆ ಇದು ಸಾಕ್ಷಿಯಾಗುವುದಿಲ್ಲ. ಅವರಿಗೆ ಬೇಕಾದದ್ದು ಭೂದಾಖಲೆ ಇಲಾಖೆಯ ಗ್ರಾಮ ನಕಾಶೆ ಮತ್ತು ಸರ್ವೆ ಟಿಪ್ಪಣಿ.

ಆಮೇಲೆ ಬಂತು ಆ ಎಣಿಕೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ಮಳೆಗಾಲದಲ್ಲಿ ಪೇಪರಿನಲ್ಲಿ ದಿನಾ ಬರುವ ಸಂಖ್ಯೆ. ಹಾಳೆಯಲ್ಲಿ 1750ರ ದಪ್ಪ ಗೆರೆ ಇದೆ, ಅದರ ಮೇಲಿನ ಮೊದಲ ತೆಳು ಗೆರೆ 1800. ಆ ಗೆರೆಯನ್ನು ಕೊಳ್ಳ ಕೊಳ್ಳದ ಒಳಗೂ ಹಿಂಬಾಲಿಸಿ ನೀಲಿಯಲ್ಲಿ ಎಳೆದೆವು. ಎಂಟು ದಿನ ಹಿಡಿಯಿತು. ಅಣೆಕಟ್ಟಿನಿಂದ ಮೇಲ್ಗಡೆ ಆ ಗೆರೆಯ ಕೆಳಗಿನ ಪ್ರತಿ ಕೆಂಪು ಚುಕ್ಕೆಯೂ ಅಣೆಕಟ್ಟು ತುಂಬಿದಾಗ ನೀರಿನಡಿ. 1800ಕ್ಕೂ 1850ಕ್ಕೂ ನಡುವೆ ಬಿದ್ದ ಮನೆಗಳ ಬಗ್ಗೆ ನಕ್ಷೆಯಿಂದ ಹೇಳಲು ಬರುವುದಿಲ್ಲ. ಅವಕ್ಕೆ ಬೇರೆ ಬಣ್ಣ ಕೊಟ್ಟು, ಜನರನ್ನೇ ಕೇಳೋಣ ಅಂತ ಬಿಟ್ಟೆವು.

ಹೆಸರುಗಳು

ಹೊಸ ಸೇವೆ ಅಂತ ಶುರುವಾದದ್ದು ಇಲ್ಲಿಂದ. ಇಷ್ಟು ದಿನ ನಮ್ಮ ವಿದ್ಯಾರ್ಥಿಗಳು ನಮ್ಮದೇ ಜಿಲ್ಲೆಯ ಹಳೆ ನಕ್ಷೆ ಬೇಕೆಂದರೆ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಪೆರಿ-ಕ್ಯಾಸ್ಟನೇಡಾ ಗ್ರಂಥಾಲಯದ ಜಾಲತಾಣಕ್ಕೆ ಹೋಗುತ್ತಿದ್ದರು. ಅಮೆರಿಕದ ಸೇನೆ 1950ರ ದಶಕದಲ್ಲಿ ಮಾಡಿಸಿದ ಭಾರತದ ಹಾಳೆಗಳನ್ನು ಅವರು ಸ್ಕ್ಯಾನ್ ಮಾಡಿ ಎಲ್ಲರಿಗೂ ಬಿಟ್ಟಿದ್ದಾರೆ. ಅದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಅವು ಎರಡೂವರೆ ಲಕ್ಷಕ್ಕೆ ಒಂದರ ಅಳತೆ. ನಾಲ್ಕು ಮನೆಯ ಹಳ್ಳಿ ಅದರಲ್ಲಿ ಸಿಗುವುದಿಲ್ಲ. ಒಂದು ಅಂಗುಲದ ಹಾಳೆಯಲ್ಲಿ ಸಿಗುತ್ತದೆ. ಹಳೆ ನಕ್ಷೆಯನ್ನು ಇಂದಿನ ಚಿತ್ರದ ಮೇಲೆ ಹೊದಿಸಿ ಬೇಕಾದಷ್ಟು ತಿಳಿ ಮಾಡಿ ನೋಡುವ ವ್ಯವಸ್ಥೆ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಇದೆ. ನಮಗೂ ಅಂಥದೇ ಬೇಕು ಅಂದುಕೊಂಡೆವು.

ಹಂಚಬಹುದಾ ಅನ್ನುವ ಪ್ರಶ್ನೆ ಬಂತು. ಸರ್ಕಾರಿ ಪ್ರಕಟಣೆಗೆ ಹಕ್ಕುಸ್ವಾಮ್ಯ 60 ವರ್ಷ, ಈ ಹಾಳೆಗೆ ಅದು ಎಂದೋ ಮುಗಿದಿದೆ. ಕರಾವಳಿಗೆ ಹತ್ತಿರದ ಹಾಳೆಗಳ ಮೇಲೆ ಮೊದಲು ನಿರ್ಬಂಧ ಇತ್ತು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭೂನಕ್ಷೆಗಳ ನಿಯಮ ಸಡಿಲಿಸಿತು. ಆದರೂ ವಿಶ್ವವಿದ್ಯಾಲಯದಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಂಡೇ ಮುಂದೆ ಹೋದೆವು.

ನಿಜವಾದ ಕಷ್ಟ ಇಂಗ್ಲಿಷ್ ಕಾಗುಣಿತದ್ದು. ಆ ಅಕ್ಷರದಲ್ಲಿ ಲ ಮತ್ತು ಳ ಒಂದೇ. ತ ಮತ್ತು ಟ ಒಂದೇ. ದ, ಡ ಒಂದೇ. ದೀರ್ಘ ಗೊತ್ತಾಗುವುದಿಲ್ಲ. ಹೆಸರಿನ ಕೊನೆಯಲ್ಲಿರುವುದು ಕೆರೆಯೋ ಕೇರಿಯೋ? ಸುಮ್ನೆ ಊಹೆ ಮಾಡಿ ಕನ್ನಡದಲ್ಲಿ ಬರೆದರೆ ಆ ಊರಿನವರು ತಮ್ಮ ಊರನ್ನು ಹುಡುಕಿದಾಗ ಸಿಗುವುದಿಲ್ಲ, ಅಲ್ವಾ? ನೀರಿನಡಿ ಹೋದ ಊರಿಗೆ ಈಗ ಬೋರ್ಡೂ ಇಲ್ಲ, ಹೋಗಿ ನೋಡಲು. ಗೊತ್ತಿರುವುದು ಅಲ್ಲಿ ಹುಟ್ಟಿದವರಿಗೆ ಮಾತ್ರ.

ಹಾಗಾಗಿ ಹಾಳೆಯನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ ಪ್ರಿಂಟ್ ಹಾಕಿಸಿ, ವಿದ್ಯಾರ್ಥಿಗಳ ಕೈಲಿ ಕೊಟ್ಟೆವು. ಅವರು ಸಾಗರದ ಕಡೆ, ಶಿವಮೊಗ್ಗದ ಸುತ್ತ, ಸಂತ್ರಸ್ತರು ಬಂದು ನೆಲೆಸಿದ ಊರುಗಳಿಗೆ ಹೋದರು. ಒಂದೊಂದು ಹೆಸರಿಗೂ ಇಬ್ಬರು ಹಿರಿಯರು ಒಪ್ಪಿದರೆ ಮಾತ್ರ ಪಟ್ಟಿಗೆ ಸೇರಿಸಿದೆವು. ಎಷ್ಟೋ ಹೆಸರು ಇಂಗ್ಲಿಷಿನಲ್ಲಿ ಗುರುತೇ ಸಿಗದ ಹಾಗೆ ತಿರುಚಿದ್ದವು. ನಕ್ಷೆಯಲ್ಲಿ ಇಲ್ಲದ ಹೆಸರುಗಳನ್ನೂ ಅವರು ಹೇಳಿದರು: ಹೊಳೆಯ ಮಡು, ದೋಣಿ ಕಟ್ಟುವ ಜಾಗ, ಕಾನು (ದಟ್ಟ ಕಾಡು), ಬ್ಯಾಣ (ಹುಲ್ಲುಗಾವಲು). ಅವನ್ನು ಬೇರೆ ಪದರವಾಗಿ ಇಟ್ಟಿದ್ದೇವೆ.

ಈಗ ಪುಟದಲ್ಲಿ ಊರಿನ ಹೆಸರನ್ನು ಕನ್ನಡದಲ್ಲಿ ಬರೆದರೆ ಆ ಜಾಗಕ್ಕೆ ಹೋಗುತ್ತದೆ. ಕೆಳಗಿನ ಪಟ್ಟಿ ಎಳೆದರೆ ಹಳೆ ನಕ್ಷೆ ಮರೆಯಾಗಿ ಹಿನ್ನೀರು ಮೇಲೆ ಬರುತ್ತದೆ. ಮಲೆನಾಡಿನಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ, ಅದಕ್ಕೇ ಮೊಬೈಲಿಗೆ ಇಳಿಸಿಕೊಳ್ಳುವ ಫೈಲನ್ನೂ ಇಟ್ಟಿದ್ದೇವೆ. ಬೇಸಿಗೆಯಲ್ಲಿ ನೀರು ಇಳಿದು, ಹಿನ್ನೀರಿನಲ್ಲಿ ಮುಳುಗಿದ 1948ರ ಹಿರೇಭಾಸ್ಕರ ಅಣೆಕಟ್ಟು ತಲೆ ಎತ್ತುವಾಗ ಹಳೆ ಊರಿನ ಜಾಗ ನೋಡಲು ಹೋಗುವವರಿದ್ದಾರೆ. ಅವರಿಗೆ ಇದು ಬೇಕು.

ಶನಿವಾರದ ಮೇಜು

ಪುಟ ಇದ್ದರೂ ಎಲ್ಲರೂ ಪುಟಕ್ಕೆ ಬರುವುದಿಲ್ಲ. ಶನಿವಾರ ಬೆಳಗ್ಗೆ ಓದುವ ಕೋಣೆಯಲ್ಲಿ ಒಂದು ಮೇಜು ಹಾಕಿ, ದೊಡ್ಡ ಪ್ರಿಂಟ್ ಹರಡಿ, ಭೂತಕನ್ನಡಿ ಇಟ್ಟೆವು. ಗುರುತಿನ ಚೀಟಿ ಕೇಳುವುದಿಲ್ಲ.

ಮೂರನೇ ಶನಿವಾರ ಒಬ್ಬ ಅಜ್ಜ ಬಂದರು, ಮೊಮ್ಮಗಳು ಕೈ ಹಿಡಿದು ಕರೆತಂದಳು. ನಮ್ಮಲ್ಲೇ ಬಿಎ ಓದುವ ಹುಡುಗಿ. ಲಿಂಗನಮಕ್ಕಿಗೆ ನೀರು ನಿಂತಾಗ, 1964ರ ಹೊತ್ತಿಗೆ, ಅಜ್ಜನಿಗೆ ಹದಿನಾಲ್ಕೋ ಹದಿನೈದೋ. ಅವರು ಊರಿನ ಹೆಸರು ಹೇಳಿದರು, ನಾನು ತೋರಿಸಿದೆ. ಅವರು ನಂಬಲಿಲ್ಲ.

“ಇದು ನಮ್ಮೂರು ಹೌದು ಅಂತ ಹ್ಯಾಂಗೆ ಹೇಳ್ತೀರಿ ತಂಗೀ? ನಮ್ಮೂರಲ್ಲಿ ಕೆರೆ ಇತ್ತು.”

ಭೂತಕನ್ನಡಿ ಇಟ್ಟೆ. ಕೆಂಪು ಚುಕ್ಕೆಗಳ ಮೇಲುಗಡೆ ಒಂದು ಸಣ್ಣ ನೀಲಿ ಅರ್ಧಚಂದ್ರ. ಏರಿಯ ಕಪ್ಪು ಗೆರೆಯ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ‘9 ಆರ್’ ಅಂತ ಪುಟ್ಟ ಅಕ್ಷರ. ಆರ್ ಅಂದರೆ ಸುತ್ತಲಿನ ನೆಲದಿಂದ ಲೆಕ್ಕ ಹಾಕಿದ ಎತ್ತರ. ಏರಿ ನೆಲದಿಂದ ಒಂಬತ್ತು ಅಡಿ ಇತ್ತು ಅಂತ ವಿವರಿಸಿದೆ.

ಅಜ್ಜ ಎದ್ದು ನಿಂತು, ಕೈಯನ್ನು ತಲೆಯ ಮೇಲಿನ ತನಕ ಎತ್ತಿ ತೋರಿಸಿದರು. “ಹೌದು. ಇಷ್ಟೇ. ಅಪ್ಪ ಮೇಲೆ ನಿಂತ್ರೆ ಕೆಳಗಿಂದ ಕಾಲು ಮಾತ್ರ ಕಾಣ್ತಿತ್ತು.” ಆಮೇಲೆ ಕೂತರು. ಬೆರಳಿಟ್ಟು ಕಡಿದು ಕಡಿದು ಎಳೆದ ಕಾಲುದಾರಿಯ ಮೇಲೆ ಹೋದರು. ಇಲ್ಲಿ ಹಳ್ಳ ದಾಟ್ತಿದ್ವಿ, ಇಲ್ಲಿ ಹಲಸಿನ ಮರ, ಇಲ್ಲಿ ಶಾಲೆ. ಶಾಲೆ ನಕ್ಷೆಯಲ್ಲಿ ಇರಲಿಲ್ಲ, ಅಳತೆಯಾದ ಮೇಲೆ ಕಟ್ಟಿದ್ದಿರಬೇಕು. ಮೊಮ್ಮಗಳು ಮೊಬೈಲಿನಲ್ಲಿ ಅದೆಲ್ಲ ರೆಕಾರ್ಡ್ ಮಾಡಿಕೊಂಡಳು. ಅವರ ಊರಿನ ಹೆಸರನ್ನು ನಾವು ‘ಲ’ ಹಾಕಿ ಬರೆದಿದ್ದೆವು. ಅಜ್ಜ ‘ಳ’ ಅಂದರು. ಇನ್ನೊಬ್ಬರು ಒಪ್ಪಬೇಕಲ್ಲ ಅಂತ ಹೇಳಿದೆ. “ನನ್ನ ಅಕ್ಕ ಇದ್ದಾಳೆ, ಫೋನ್ ಮಾಡಿ” ಅಂದರು. ಮಾಡಿದೆವು. ಅಕ್ಕನೂ ‘ಳ’ ಅಂದರು. ಆವತ್ತೇ ತಿದ್ದಿದೆವು.

ಹೋಗುವಾಗ ಊರಿನ ಭಾಗವನ್ನು ಮಾತ್ರ ಎ3 ಕಾಗದದಲ್ಲಿ ಪ್ರಿಂಟ್ ಹಾಕಿ ಕೊಟ್ಟೆ. ಮಡಚಬೇಡಿ ಅಂತ ಸುರುಳಿ ಮಾಡಿ ರಟ್ಟಿನ ಕೊಳವೆಗೆ ಹಾಕಿಕೊಟ್ಟೆ.

ಸೋಮವಾರ ಮುಂದಿನ ಹಾಳೆ ಹೊರಗೆ ತೆಗೆದೆವು. 48 ಎನ್/4, ಸಾಗರದ್ದು. ಬೆನ್ನಿಗೆ ಬಟ್ಟೆ ಇಲ್ಲ, ಟೇಪಿಲ್ಲ, ನೇರಳೆ ಗುರುತೂ ಇಲ್ಲ. ಮೇಲಿನ ಅಂಚನ್ನು ಇಲಿ ಕಡಿದಿದೆ. ಇಸವಿ ಇರುವ ಮೂಲೆ ಮಾತ್ರ ಹಾಗೇ ಉಳಿದಿದೆ. ಈಗ ಒತ್ತು ಕಾಗದದ ನಡುವೆ ಒಣಗುತ್ತಿದೆ. ಶುಕ್ರವಾರ ಬಣ್ಣದ ಪರೀಕ್ಷೆ.